ದೋಷವಿರುವ ಹೊಸ ಕಾರನ್ನು ಬೇಡ ಎನ್ನುವುದು ಹೇಗೆ: ಬೆಂಗಳೂರಿನ ಡೀಲರ್‌ಗಳ ಡೆಲಿವರಿ ಸೇವೆ, ಒಂದು ವಿಮರ್ಶೆ

ಕಾರು ಮಾರುವುದರಲ್ಲಿ ನಮ್ಮ ಡೀಲರ್‌ಗಳು ಬಹಳ ಚುರುಕು. ಟೆಸ್ಟ್ ಡ್ರೈವ್ ಮನೆ ಬಾಗಿಲಿಗೆ ಬರುತ್ತದೆ, ಸಾಲ ಒಂದೇ ದಿನದಲ್ಲಿ ಮಂಜೂರಾಗುತ್ತದೆ, ಹಳೆ ಕಾರಿಗೆ ಅಲ್ಲೇ ಬೆಲೆ ಕಟ್ಟುತ್ತಾರೆ. ಸೋಲುವುದು ಕಾರನ್ನು ಒಪ್ಪಿಸುವ ಹಂತದಲ್ಲಿ. ಅದಕ್ಕೆ ಕಾರಣ ಕೆಲಸಗಳ ಕ್ರಮವೇ ತಲೆಕೆಳಗಾಗಿರುವುದು. ಮೊದಲು ಪೂರ್ತಿ ಹಣ, ಆಮೇಲೆ ಇನ್‌ವಾಯ್ಸ್, ಇನ್ಶೂರೆನ್ಸ್, ಲೈಫ್‌ಟೈಮ್ ಟ್ಯಾಕ್ಸ್, ರಿಜಿಸ್ಟ್ರೇಷನ್, ನಂಬರ್ ಪ್ಲೇಟ್. ಇಷ್ಟೂ ಮುಗಿದ ಮೇಲೆ, ಹಾರ ಹಾಕಿ ಬಟ್ಟೆ ಹೊದಿಸಿದ ಕಾರನ್ನು ಗಿರಾಕಿ ಮೊದಲ ಸಲ ನೋಡುತ್ತಾನೆ. ಆಗ ಎಡಬಾಗಿಲಿಗೆ ಮರುಪೇಂಟ್ ಆಗಿದೆ ಎಂದು ಗೊತ್ತಾದರೂ "ಈ ಕಾರು ಬೇಡ" ಎನ್ನುವ ಬಲ ಮುಕ್ಕಾಲು ಪಾಲು ಕೈತಪ್ಪಿರುತ್ತದೆ. ಈ ವಿಮರ್ಶೆ ಯಾವುದೋ ಒಂದು ಶೋರೂಮಿನದಲ್ಲ. ಬಹುತೇಕ ಎಲ್ಲ ಕಡೆ ಇರುವ ಈ ಪದ್ಧತಿಯದು, ಅದರೊಳಗೆ ಇದ್ದುಕೊಂಡೇ ದೋಷದ ಕಾರನ್ನು ಹೇಗೆ ವಾಪಸ್ ಕಳಿಸಬಹುದು ಎಂಬುದರದು.

ಮೊದಲು ಕಾನೂನು ನೋಡೋಣ, ಏಕೆಂದರೆ ಶೋರೂಮಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕೊಳ್ಳುವವನು ಕೇಳಿದರೆ ವಸ್ತುವನ್ನು ಪರೀಕ್ಷಿಸಲು ಸಾಕಷ್ಟು ಅವಕಾಶ ಕೊಡಲೇಬೇಕು. ಆ ಅವಕಾಶ ಸಿಗುವವರೆಗೆ ಅವನು ವಸ್ತುವನ್ನು ಒಪ್ಪಿಕೊಂಡಂತೆ ಆಗುವುದಿಲ್ಲ. ಒಪ್ಪಿಕೊಂಡೆ ಎಂದು ತಿಳಿಸಿದರೆ, ಮಾಲೀಕನಂತೆ ಬಳಸಲು ಶುರುಮಾಡಿದರೆ ಅಥವಾ ಏನೂ ಹೇಳದೆ ಬಹಳ ದಿನ ಇಟ್ಟುಕೊಂಡರೆ ಒಪ್ಪಿಗೆ ಕೊಟ್ಟಂತೆ ಎನ್ನುತ್ತದೆ 42ನೇ ಸೆಕ್ಷನ್. ಒಮ್ಮೆ ಒಪ್ಪಿದ ಮೇಲೆ 13ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಪರಿಹಾರ ಕೇಳಬಹುದೇ ಹೊರತು ವಸ್ತುವನ್ನೇ ತಿರಸ್ಕರಿಸುವ ಹಕ್ಕು ಉಳಿಯುವುದಿಲ್ಲ. 16ನೇ ಸೆಕ್ಷನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀವು ಪರೀಕ್ಷೆ ಮಾಡಿದ್ದೀರಿ ಎಂದಾದರೆ, ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಾಗಿದ್ದ ದೋಷದ ಬಗ್ಗೆ ಆಮೇಲೆ ತಕರಾರು ಎತ್ತುವುದು ಕಷ್ಟ. ಅರೆಬರೆ ನೋಡಿ "ಎಲ್ಲ ಸರಿ ಇದೆ" ಎಂದು ಸಹಿ ಹಾಕುವುದು, ನೋಡದೇ ಇರುವುದಕ್ಕಿಂತ ಕೆಟ್ಟದ್ದು.

ಒಪ್ಪಿಕೊಂಡ ಮೇಲಿನ ದಾರಿ ಎಷ್ಟು ಕಿರಿದು ಎಂಬುದಕ್ಕೆ 2006ರಲ್ಲಿ ಸುಪ್ರೀಂ ಕೋರ್ಟ್ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ನೋಡಿ. ಇಡೀ ಕಾರನ್ನು ಬದಲಿಸಿಕೊಡಿ ಎಂಬ ಕೆಳಹಂತದ ಗ್ರಾಹಕ ಆಯೋಗಗಳ ಆದೇಶವನ್ನು ಕೋರ್ಟ್ ಉಳಿಸಲಿಲ್ಲ. ವಾರಂಟಿ ಇರುವುದು ಕೆಟ್ಟ ಭಾಗವನ್ನು ಸರಿಪಡಿಸಲು ಅಥವಾ ಬದಲಿಸಲು ಎಂದಿತು. ಅಮೆರಿಕದಲ್ಲಿರುವಂಥ ಲೆಮನ್ ಕಾನೂನು ನಮ್ಮಲ್ಲಿಲ್ಲ. ಇಷ್ಟು ಸಲ ರಿಪೇರಿಯಾದರೂ ಸರಿಹೋಗದಿದ್ದರೆ ಹೊಸ ಕಾರು ಕೊಡಬೇಕು ಎಂಬ ನಿಗದಿತ ಲೆಕ್ಕವೂ ಇಲ್ಲ. ಡೆಲಿವರಿಗೆ ಮುಂಚಿನ ನಿರಾಕರಣೆಗೆ ಇಷ್ಟು ಬೆಲೆ ಇರುವುದು ಇದಕ್ಕೇ.

ರಿಜಿಸ್ಟ್ರೇಷನ್ ಆಗಿಹೋದರೆ ಡೀಲರ್ ಏಕೆ ಹಟಕ್ಕೆ ಬೀಳುತ್ತಾನೆ ಎಂಬುದಕ್ಕೆ ಹಣದ ಲೆಕ್ಕವಿದೆ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 17, ಅದರ ಮೇಲೆ ಶೇ 11 ಸೆಸ್. 12 ಲಕ್ಷದ ಕಾರಿಗೆ ತೆರಿಗೆ 2,04,000, ಸೆಸ್ 22,440, ಒಟ್ಟು 2,26,440 ರೂಪಾಯಿ. ಈ ಹಣ ಸರ್ಕಾರಕ್ಕೆ ಹೋಗಿ, ವಾಹನ್ ಎಂಬ ಸರ್ಕಾರಿ ರಿಜಿಸ್ಟ್ರೇಷನ್ ದಾಖಲೆಯಲ್ಲಿ ನಿಮ್ಮ ಹೆಸರು ಮೊದಲ ಮಾಲೀಕರಾಗಿ ಕೂತ ಮೇಲೆ ಆ ಕಾರು ಮುಂದಿನ ಗಿರಾಕಿಗೆ ಸೆಕೆಂಡ್ ಹ್ಯಾಂಡ್. ಡೀಲರ್ ಅದನ್ನು ಹೊಸದೆಂದು ಮಾರುವ ಹಾಗಿಲ್ಲ. ರಿಜಿಸ್ಟ್ರೇಷನ್‌ಗೆ ಮುಂಚೆ ನೀವು ಬೇಡ ಎಂದರೆ ಅವನಿಗೆ ಆಗುವುದು ಒಂದೆರಡು ವಾರದ ಬಡ್ಡಿ ನಷ್ಟ. ನಂತರ ಎಂದರೆ ಲಕ್ಷಗಟ್ಟಲೆ. ಅದೇ ದೋಷಕ್ಕೆ ಮೊದಲ ವಾರ ಸಿಗುವ ಉತ್ತರ "ಬೇರೆ ಗಾಡಿ ನೋಡ್ತೀವಿ ಸಾರ್", ಎರಡನೇ ವಾರ ಸಿಗುವ ಉತ್ತರ "ಇದೆಲ್ಲ ನಾರ್ಮಲ್ ಸಾರ್".

ಇಲ್ಲೊಂದು ಅರ್ಧಸತ್ಯ ಶೋರೂಮುಗಳಲ್ಲಿ ಓಡಾಡುತ್ತದೆ. "ರಿಜಿಸ್ಟ್ರೇಷನ್ ಆಗದೆ ಗಾಡಿ ತೋರಿಸೋ ಹಾಗಿಲ್ಲ, ರೂಲ್ಸ್" ಎನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ 42ನೇ ನಿಯಮ ಹೇಳುವುದು ತಾತ್ಕಾಲಿಕವೋ ಕಾಯಂ ಆಗಿಯೋ ರಿಜಿಸ್ಟ್ರೇಷನ್ ಇಲ್ಲದೆ ಡೆಲಿವರಿ ಕೊಡಬಾರದು ಎಂದು. ತೋರಿಸಬಾರದು ಎಂದು ಎಲ್ಲೂ ಇಲ್ಲ. ಯಾರ್ಡಿನಲ್ಲಿ ನಿಂತ ಕಾರನ್ನು ನೋಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹಾಗಾಗಿ ಬುಕಿಂಗ್ ದಿನವೇ ಕ್ರಮವನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಬುಕಿಂಗ್ ಫಾರ್ಮಿನ ಕೆಳಗೆ "ಚಾಸಿ ನಂಬರ್ ಹಂಚಿಕೆಯಾದ ಮೇಲೆ, ಇನ್‌ವಾಯ್ಸ್ ಮತ್ತು ರಿಜಿಸ್ಟ್ರೇಷನ್‌ಗೆ ಮೊದಲು ಹಗಲು ಬೆಳಕಿನಲ್ಲಿ ಪರಿಶೀಲನೆ" ಎಂದು ಬರೆಸಿ ಸೀಲು ಹಾಕಿಸಿ. ಚಾಸಿ ನಂಬರ್ ಎಂದರೆ ಪ್ರತಿ ಕಾರಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ; ಅದು ಹಂಚಿಕೆಯಾದಾಗಲೇ ನಿಮ್ಮ ಕಾರು ಯಾವುದು ಎಂದು ಗೊತ್ತಾಗುವುದು. ಒಪ್ಪದಿದ್ದರೆ ಬೇರೆ ಡೀಲರ್ ನೋಡುವುದು ಲೇಸು. ಒಂದೇ ಕಂಪನಿಗೆ ಬೆಂಗಳೂರಿನಲ್ಲಿ ಹಲವು ಡೀಲರ್‌ಗಳಿದ್ದಾರೆ. ಅದೇ ದಿನ ಕಂತೆ ಕಾಗದ ಮುಂದಿಟ್ಟು ಸಹಿ ಕೇಳುತ್ತಾರೆ. ಅದರಲ್ಲಿ ಫಾರಂ 20 ಇರುತ್ತದೆ, ಅದು ರಿಜಿಸ್ಟ್ರೇಷನ್ ಅರ್ಜಿ. ಚಾಸಿ ನಂಬರಿನ ಜಾಗ ಖಾಲಿ ಇರುವ ಫಾರಂ 20ಕ್ಕೆ ಸಹಿ ಹಾಕಬೇಡಿ. ಕಾರು ನೋಡಿದ ಮೇಲೆ ಹಾಕಿದರೆ ಸಾಕು. ಡೆಲಿವರಿ ತೃಪ್ತಿ ಪತ್ರಕ್ಕೂ ಇದೇ ಮಾತು.

ಬೆಂಗಳೂರಿನ ಸ್ಟಾಕ್ ಯಾರ್ಡುಗಳು ಹೆಚ್ಚಾಗಿ ಊರಾಚೆ ಇವೆ. ಹಲವು ಕಡೆ ನೆಲ ಮಣ್ಣಿನದು, ಮೇಲೆ ಸೂರಿಲ್ಲ. ಕಾರಿಗೆ ಗಾಯವಾಗುವುದು ಕಾರ್ಖಾನೆಯಲ್ಲಿ ಕಡಿಮೆ, ದಾರಿಯಲ್ಲಿ ಮತ್ತು ಇಲ್ಲಿ ಹೆಚ್ಚು. ಟ್ರೇಲರಿನ ಇಳಿಜಾರು ಹಲಗೆಗೆ ಮುಂದಿನ ಬಂಪರಿನ ಕೆಳತುಟಿ ಉಜ್ಜುತ್ತದೆ. ಇಕ್ಕಟ್ಟಿನಲ್ಲಿ ಬಾಗಿಲು ತೆರೆಯುವಾಗ ಅದರ ಅಂಚು ಟ್ರೇಲರಿನ ಕಂಬಕ್ಕೆ ಬಡಿಯುತ್ತದೆ. ಯಾರ್ಡಿನಲ್ಲಿ ಇಲಿ ವೈರು ಕಡಿಯುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ತಿಂಗಳುಗಟ್ಟಲೆ ನಿಂತ ಕಾರಿನ ಬ್ಯಾಟರಿ ಸೊರಗುತ್ತದೆ. ಇದನ್ನೆಲ್ಲ ಹಿಡಿಯಬೇಕಾದದ್ದು ಡೀಲರ್ ತಾನೇ ಮಾಡುವ ಪಿಡಿಐ, ಅಂದರೆ ಡೆಲಿವರಿ ಪೂರ್ವ ತಪಾಸಣೆ. ಸೇವೆಯ ಅತ್ಯಂತ ದುರ್ಬಲ ಕೊಂಡಿ ಇದೇ. ಅಕ್ಷಯ ತೃತೀಯ, ವರಮಹಾಲಕ್ಷ್ಮಿ, ಆಯುಧಪೂಜೆ, ತಿಂಗಳ ಕೊನೆ ಬಂತೆಂದರೆ ಒಂದೇ ದಿನ ಹತ್ತಾರು ಕಾರು ಹೊರಡಬೇಕು. ಆಗ ಪಿಡಿಐ ಹಾಳೆಯಲ್ಲಿ ಎಲ್ಲ ಸಾಲಿಗೂ ಒಂದೇ ಪೆನ್ನಿನ ಒಂದೇ ಬೀಸಿನ ಟಿಕ್ ಬಿದ್ದಿರುತ್ತದೆ. ಆ ಹಾಳೆಯ ಪ್ರತಿ ಕೇಳಿ. ಬ್ಯಾಟರಿ ವೋಲ್ಟೇಜ್, ಟೈರ್ ಗಾಳಿಯ ಒತ್ತಡ ಬರೆಯುವ ಜಾಗದಲ್ಲಿ ಅಂಕಿಯ ಬದಲು ಟಿಕ್ ಇದ್ದರೆ ಅಲ್ಲಿ ಯಾರೂ ಅಳತೆ ಮಾಡಿಲ್ಲ.

ನೀವು ನೋಡುವಾಗ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹೋಗಿ, ಕಾರು ತೊಳೆದು ಒಣಗಿರಲಿ. ಒದ್ದೆ ಕಾರಿನ ಮೇಲೂ ಶೋರೂಮಿನ ದೀಪದ ಕೆಳಗೂ ಗೀರು ಕಾಣುವುದಿಲ್ಲ. ಮೊದಲು ಚಾಸಿ ನಂಬರ್. 17 ಅಕ್ಷರ, ಅಂಕಿಗಳ ಈ ಸಂಖ್ಯೆ ಬಾಡಿಯ ಮೇಲೆ ಕೊರೆದದ್ದು, ಪ್ಲೇಟಿನಲ್ಲಿರುವುದು, ನಿಮಗೆ ಬರೆದುಕೊಟ್ಟದ್ದು ಮೂರೂ ಒಂದೇ ಇರಬೇಕು. ಹೆಚ್ಚಿನ ಕಂಪನಿಗಳಲ್ಲಿ ಹತ್ತನೆಯ ಅಕ್ಷರ ವರ್ಷ ಹೇಳುತ್ತದೆ: ಆರ್ ಇದ್ದರೆ 2024, ಎಸ್ ಇದ್ದರೆ 2025, ಟಿ ಇದ್ದರೆ 2026. ತಿಂಗಳ ಗುರುತು ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ತಯಾರಿಕೆಯ ತಿಂಗಳನ್ನು ಡೀಲರ್ ಕೈಲಿ ಲಿಖಿತವಾಗಿ ಪಡೆದು, ಮುಂದೆ ಬರುವ ಫಾರಂ 21ರ, ಅಂದರೆ ಮಾರಾಟ ಪ್ರಮಾಣಪತ್ರದ, ಜೊತೆ ಹೋಲಿಸಿ. ಟೈರಿನ ಪಕ್ಕದ ನಾಲ್ಕಂಕಿ ಇದಕ್ಕೆ ಒಳ್ಳೆಯ ಸಾಕ್ಷಿ. 3225 ಎಂದರೆ 2025ರ 32ನೇ ವಾರ. ಟೈರಿನ ತಾರೀಖು ಕಾರಿನ ತಾರೀಖಿಗಿಂತ ಒಂದೆರಡು ತಿಂಗಳು ಹಿಂದಿರುವುದು ಸಹಜ. ನಾಲ್ಕರಲ್ಲಿ ಒಂದು ಟೈರ್ ಕಾರಿಗಿಂತ ಹೊಸದಾಗಿದ್ದರೆ ಚಕ್ರ ಬದಲಾಗಿದೆ ಎಂದರ್ಥ. ಏಕೆ ಎಂದು ಕೇಳಲೇಬೇಕು. ಗಾಜುಗಳ ಮೂಲೆಯ ಗುರುತನ್ನೂ ಹಾಗೆಯೇ ಹೋಲಿಸಿ.

ಪೇಂಟ್ ವಿಷಯದಲ್ಲಿ ಕಣ್ಣಿಗಿಂತ ಮೀಟರ್ ವಾಸಿ. ಪೇಂಟಿನ ದಪ್ಪ ಅಳೆಯುವ ಗೇಜ್ ಬಾಡಿಗೆಗೂ ಸಿಗುತ್ತದೆ, ಸ್ವತಂತ್ರ ಪಿಡಿಐ ಮಾಡಿಕೊಡುವವರ ಬಳಿಯೂ ಇರುತ್ತದೆ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್. ಮುಖ್ಯವಾದದ್ದು ಸಂಖ್ಯೆಗಿಂತ ವ್ಯತ್ಯಾಸ. ಮೂರು ಬಾಗಿಲು 110ರ ಆಸುಪಾಸು ತೋರಿಸಿ ನಾಲ್ಕನೆಯದು 220 ತೋರಿಸಿದರೆ ಅದು ಮರುಪೇಂಟ್. 400, 500 ದಾಟಿದರೆ ಕೆಳಗೆ ಪುಟ್ಟಿ ಇದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಈ ಮೀಟರ್ ಕೆಲಸ ಮಾಡುವುದಿಲ್ಲ. ಅಲ್ಯೂಮಿನಿಯಂ ಬಾನೆಟ್ ಇದ್ದರೆ ಆ ಲೋಹವನ್ನೂ ಓದುವ ಮೀಟರ್ ಬೇಕು. ಮೀಟರ್ ಇಲ್ಲದಿದ್ದರೆ ಬಾಗಿಲಿನ ರಬ್ಬರ್ ಬೀಡಿಂಗನ್ನು ಸ್ವಲ್ಪ ಎತ್ತಿ ನೋಡಿ, ಅಂಚಿನಲ್ಲಿ ಪೇಂಟಿನ ಧೂಳು ಕೂತಿದ್ದರೆ ಹೊರಗೆ ಸ್ಪ್ರೇ ಆಗಿದೆ. ಫೆಂಡರ್, ಬಾನೆಟ್ ಹಿಂಜ್‌ಗಳ ಬೋಲ್ಟ್ ತಲೆ ನೋಡಿ. ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿದ ಮೇಲೆ ಪೇಂಟ್ ಬೀಳುವ ಕಡೆ ಸ್ಪಾನರ್ ತಾಗಿದ ಚಿಪ್ಪು ಎದ್ದಿದ್ದರೆ ಆ ಭಾಗವನ್ನು ಬಿಚ್ಚಿ ಕೂರಿಸಿದ್ದಾರೆ. ಎರಡೂ ಬದಿಯ ಪ್ಯಾನೆಲ್ ಸಂದು ಸಮನಾಗಿದೆಯೇ ಎಂದು ಬೆರಳಾಡಿಸಿ ನೋಡಿ. ಬಲಗಡೆ 4 ಮಿ.ಮೀ., ಎಡಗಡೆ 7 ಮಿ.ಮೀ. ಇದ್ದರೆ ಅದನ್ನು ಫೋಟೊದಲ್ಲಿ ಹಿಡಿದಿಡಿ.

ನೀರು ಹೊಕ್ಕಿದೆಯೇ ಎಂಬುದನ್ನು ಬಹಳ ಜನ ನೋಡುವುದೇ ಇಲ್ಲ. ಎಲ್ಲಕ್ಕಿಂತ ಅಪಾಯದ ದೋಷ ಅದು, ಏಕೆಂದರೆ ವೈರಿಂಗ್ ಕನೆಕ್ಟರುಗಳು ಹಸಿರುಗಟ್ಟಿ ಕೈಕೊಡುವುದು ಎಷ್ಟೋ ತಿಂಗಳ ನಂತರ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಬೆಲ್ಟಿನ ಕೆಳತುದಿಯನ್ನು ಯಾರೂ ತೊಳೆದಿರುವುದಿಲ್ಲ. ಮುಂದಿನ ಸೀಟಿನ ಹಳಿಗಳ ತುಕ್ಕು, ಕಾರ್ಪೆಟ್ ಅಡಿಯ ಸ್ಪಂಜಿನ ತೇವ, ಸ್ಪೇರ್ ಟೈರಿನ ಗುಂಡಿ, ಇವಿಷ್ಟನ್ನೂ ಕೈಯಿಂದ ಮುಟ್ಟಿ ನೋಡಬೇಕು. ಬ್ರೇಕ್ ಡಿಸ್ಕಿನ ಮೇಲಿನ ಕಿತ್ತಳೆ ತುಕ್ಕಿಗೆ ಮಾತ್ರ ಗಾಬರಿ ಬೇಡ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಒಂದೇ ರಾತ್ರಿಯಲ್ಲಿ ಅದು ಬರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಇನ್ನು ಎಂಜಿನ್. ತಣ್ಣಗಿರುವಾಗಲೇ ಬಾನೆಟ್ ತೆಗೆಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಕೇಳಿ. ಸ್ಟಾರ್ಟ್ ಮಾಡುವ ಮುಂಚೆ ಬ್ಯಾಟರಿ ವೋಲ್ಟೇಜ್ ಅಳೆಯಿರಿ. 12.6 ಚೆನ್ನಾಗಿದೆ, 12.2 ಎಂದರೆ ಅರ್ಧ ಚಾರ್ಜ್, 12ರ ಕೆಳಗಿದ್ದರೆ ಬದಲಿಸಿಕೊಡಿ ಎನ್ನಿ. ಆಮೇಲೆ ಕೂಲಿಂಗ್ ಫ್ಯಾನ್ ತಿರುಗುವವರೆಗೆ ಎಸಿ ಹಾಕಿ ಓಡಲು ಬಿಡಿ. ಕೆಳಗೆ ತೊಟ್ಟಿಕ್ಕುವ ನೀರಿಗೆ ಬಣ್ಣವಿಲ್ಲದಿದ್ದರೆ ಅದು ಎಸಿಯದು, ಗುಲಾಬಿಯೋ ಹಸಿರೋ ಇದ್ದು ಅಂಟಂಟಾಗಿದ್ದರೆ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರ್ ಹಾಕಿದಾಗ ದೋಷದ ಕೋಡ್ ಇಲ್ಲ ಎಂದು ಬಂದರೆ ಅಲ್ಲಿಗೇ ನಿಲ್ಲಿಸಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಇನ್ನೊಂದು ಅಂಕಿ ಅದರಲ್ಲಿ ಸಿಗುತ್ತದೆ. ಓಡೋಮೀಟರ್ 46 ತೋರಿಸುವಾಗ ಇದು 2 ತೋರಿಸಿದರೆ ಈಚೆಗೆ ಯಾರೋ ಅಳಿಸಿದ್ದಾರೆ, ಅಥವಾ ಬ್ಯಾಟರಿ ಕಳಚಿದ್ದಾರೆ. ಎರಡನೆಯದಕ್ಕೂ ಸಾಧ್ಯತೆ ಇರುವುದರಿಂದ ಇದೊಂದನ್ನೇ ನೆಪ ಮಾಡಿ ಕಾರು ಬೇಡ ಎನ್ನಲಾಗದು. ಆದರೆ ಡೀಲರಿನ ಸ್ಕ್ಯಾನರಿನಿಂದ ಪೂರ್ತಿ ವರದಿಯ ಪ್ರಿಂಟ್ ಕೇಳಲು ಇದು ಸಾಕು. ನಿಮ್ಮ ಸ್ಕ್ಯಾನರ್ ಹಾಕಬೇಡಿ ಎಂದರೆ ಜಗಳ ಬೇಡ, ಅವರದನ್ನೇ ನಿಮ್ಮೆದುರು ಹಾಕಿಸಿ. ಎಲೆಕ್ಟ್ರಿಕ್ ಕಾರಾದರೆ ಎಸಿ, ಡಿಸಿ ಎರಡೂ ಚಾರ್ಜರಿಗೆ ಜೋಡಿಸಿ ಚಾರ್ಜ್ ಏರುವುದನ್ನು ನೋಡಿ, ಬ್ಯಾಟರಿ ಆರೋಗ್ಯದ ಅಂಕಿಯನ್ನು ಬರೆಸಿಕೊಳ್ಳಿ.

ಯಾವ ದೋಷಕ್ಕೆ ಕಾರನ್ನೇ ಬೇಡ ಎನ್ನಬೇಕು? ಕಂಡಕಂಡದ್ದಕ್ಕೆಲ್ಲ ಅಲ್ಲ. ನಮ್ಮ ಪ್ರಕಾರ ಲೋಹದ ಪ್ಯಾನೆಲ್ ಮರುಪೇಂಟ್, ಬಿಚ್ಚಿ ಕೂರಿಸಿದ ಬಾಡಿ ಭಾಗ, ನೀರು ಹೊಕ್ಕ ಗುರುತು, ಎಂಜಿನ್, ಗೇರ್‌ಬಾಕ್ಸ್, ಸ್ಟೀರಿಂಗ್, ಏರ್‌ಬ್ಯಾಗ್‌ಗೆ ಸಂಬಂಧಿಸಿದ ಎಚ್ಚರಿಕೆ ದೀಪ, ಎಣ್ಣೆ ಅಥವಾ ಕೂಲೆಂಟ್ ಸೋರಿಕೆ, ಹೇಳಿದ್ದಕ್ಕಿಂತ ಹಳೆಯ ತಯಾರಿಕೆ, ವಿವರಣೆ ಇಲ್ಲದ ಹೆಚ್ಚಿನ ಓಡೋಮೀಟರ್, ಇವಕ್ಕೆ ಮಾತುಕತೆಯೇ ಬೇಡ, ಬೇರೆ ಚಾಸಿ ಕೇಳಿ. ಸೊರಗಿದ ಬ್ಯಾಟರಿ, ಸದ್ದು ಮಾಡುವ ಟ್ರಿಮ್, ಕೆಲಸ ಮಾಡದ ಸ್ಪೀಕರ್, ಗೀರು ಬಿದ್ದ ಅಲಾಯ್ ವೀಲ್, ಇವು ಹೊಸ ಭಾಗ ಹಾಕಿ ಮುಗಿಸುವಂಥವು. ಆದರೆ ಭಾಗ ಬದಲಾದ ಮೇಲೆಯೇ ರಿಜಿಸ್ಟ್ರೇಷನ್ ಆಗಲಿ. "ಫಸ್ಟ್ ಸರ್ವಿಸ್‌ನಲ್ಲಿ ಮಾಡಿಕೊಡ್ತೀವಿ" ಎಂಬ ಮಾತಿಗೆ ಕಾಗದದಲ್ಲಿ ಬೆಲೆ ಇಲ್ಲ. ಬಂಪರಿನ ಮರುಪೇಂಟ್ ನಡುವಿನದ್ದು. ಒಳಗಿನ ಬ್ರಾಕೆಟ್ ನೆಟ್ಟಗಿದ್ದರೆ ಹೊಸ ಬಂಪರ್ ಕೇಳಬಹುದು, ಬ್ರಾಕೆಟ್ ಮಡಚಿದ್ದರೆ ಕಾರೇ ಬೇಡ.

ಸೇಲ್ಸ್ ಹುಡುಗನ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಬೇರೆ ಚಾಸಿ ಹಂಚುವ ಅಧಿಕಾರ ಅವನಿಗಿಲ್ಲ. ಸೇಲ್ಸ್ ಮ್ಯಾನೇಜರ್, ಜನರಲ್ ಮ್ಯಾನೇಜರ್ ಇಬ್ಬರಿಗೂ, ಕಂಪನಿಯ ಕಸ್ಟಮರ್ ಕೇರ್‌ಗೂ ಒಂದೇ ಇಮೇಲ್ ಅವತ್ತೇ ಹೋಗಬೇಕು. ಮಾತು ಚಿಕ್ಕದಾಗಿರಲಿ, ಹೀಗೆ:

"ಬುಕಿಂಗ್ ಸಂಖ್ಯೆ ಇಂಥದ್ದು, ಚಾಸಿ ಸಂಖ್ಯೆ ಇಂಥದ್ದು. ಈ ದಿನ ನಿಮ್ಮ ಯಾರ್ಡಿನಲ್ಲಿ ನಿಮ್ಮ ಸಿಬ್ಬಂದಿಯ ಎದುರು ವಾಹನವನ್ನು ಪರಿಶೀಲಿಸಿದೆ. ಹಿಂದಿನ ಎಡಬಾಗಿಲಿನ ಪೇಂಟ್ ದಪ್ಪ 230 ಮೈಕ್ರಾನ್, ಉಳಿದ ಬಾಗಿಲುಗಳದು 105ರಿಂದ 115. ಫೋಟೊ, ವಿಡಿಯೊ ಲಗತ್ತಿಸಿದ್ದೇನೆ. ಈ ವಾಹನವನ್ನು ನಾನು ಸ್ವೀಕರಿಸಿಲ್ಲ, ಸ್ವೀಕರಿಸುವುದಿಲ್ಲ. ಇದನ್ನು ನನ್ನ ಹೆಸರಿನಲ್ಲಿ ಇನ್‌ವಾಯ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಮಾಡಬಾರದು. ಏಳು ದಿನದೊಳಗೆ ದೋಷವಿಲ್ಲದ ಬೇರೆ ವಾಹನವನ್ನು ಪರಿಶೀಲನೆಗೆ ಕೊಡಿ, ಇಲ್ಲವೇ ಕಟ್ಟಿದ ಪೂರ್ತಿ ಹಣ ಮರಳಿಸಿ."

"ಸ್ವೀಕರಿಸಿಲ್ಲ" ಎಂಬ ಪದವನ್ನು ಬಿಡಬೇಡಿ. ಅಸಮಾಧಾನವಾಗಿದೆ, ಬೇಸರವಾಗಿದೆ ಎಂದಷ್ಟೇ ಬರೆದರೆ ಅದು ನಿರಾಕರಣೆ ಆಗುವುದಿಲ್ಲ. ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ವಸ್ತು ನಿಮ್ಮಲ್ಲಿಗೆ ಬಂದುಬಿಟ್ಟಿದ್ದರೂ, ಸ್ವೀಕರಿಸಿಲ್ಲ ಎಂದು ತಿಳಿಸಿದರೆ ಸಾಕು. ಅದನ್ನು ವಾಪಸ್ ತಲುಪಿಸುವ ಹೊಣೆ ನಿಮ್ಮದಲ್ಲ.

ಸಾಲ ತೆಗೆದವರು ಅದೇ ಇಮೇಲನ್ನು ಬ್ಯಾಂಕಿಗೂ ಕಳಿಸಬೇಕು. ಹಣ ಇನ್ನೂ ಬಿಡುಗಡೆ ಆಗಿರದಿದ್ದರೆ ತಡೆಯಿರಿ ಎನ್ನಿ. ಆಗಿದ್ದರೆ ಡೀಲರ್ ಅದನ್ನು ನಿಮ್ಮ ಸಾಲದ ಖಾತೆಗೇ ಮರಳಿಸಬೇಕು, ಆ ನಡುವಿನ ಬಡ್ಡಿಯನ್ನೂ ಡೀಲರಿನಿಂದ ಕೇಳಿ. ಇನ್‌ವಾಯ್ಸ್ ಆಗಿಹೋಗಿದೆ, ಸಿಸ್ಟಮ್‌ನಲ್ಲಿ ಕ್ಯಾನ್ಸಲ್ ಆಗುವುದಿಲ್ಲ ಎಂಬ ಮಾತು ಬಂದೇ ಬರುತ್ತದೆ. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್, ಮಾಡಿದ ಬಿಲ್ಲಿನ ಮೊತ್ತವನ್ನು ಹಿಂತೆಗೆಯುವ ಕ್ರೆಡಿಟ್ ನೋಟ್‌ಗೆ ಜಾಗ ಕೊಟ್ಟಿರುವುದೇ ಇಂಥ ಸಂದರ್ಭಕ್ಕೆ. ಇನ್ಶೂರೆನ್ಸ್ ಪಾಲಿಸಿ ಬಂದಿದ್ದರೆ ಹೊಸ ಚಾಸಿ, ಎಂಜಿನ್ ನಂಬರಿಗೆ ತಿದ್ದಿಸಲು ಅಥವಾ ರದ್ದು ಮಾಡಲು ವಿಮಾ ಕಂಪನಿಗೆ ನೀವೇ ಬರೆಯಿರಿ.

ಮುಹೂರ್ತದ ಒತ್ತಡವನ್ನು ಹಗುರವಾಗಿ ನೋಡಬೇಡಿ. ಮನೆಯವರೆಲ್ಲ ಹೊಸ ಬಟ್ಟೆ ಉಟ್ಟು, ಅಜ್ಜಿ ನಿಂಬೆಹಣ್ಣು ಹಿಡಿದು ನಿಂತಿರುವಾಗ ಪೇಂಟ್ ಮೀಟರ್ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಶೋರೂಮಿಗೂ ಇದು ಗೊತ್ತು. ಪರಿಶೀಲನೆ ಹಬ್ಬಕ್ಕೆ ಹತ್ತು ದಿನ ಮುಂಚೆಯೇ ಮುಗಿದಿರಬೇಕು. ಆಗ ಬೇರೆ ಚಾಸಿ ತರಿಸಲೂ ಸಮಯ ಉಳಿಯುತ್ತದೆ. ಅಷ್ಟರೊಳಗೆ ಆಗದಿದ್ದರೆ ಡೆಲಿವರಿಯನ್ನು ಮುಂದಿನ ಒಳ್ಳೆಯ ದಿನಕ್ಕೆ ಹಾಕಿ.

ಏಳು ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದು ಆದೇಶ ಹೊರಡಿಸುವುದಿಲ್ಲ, ಆದರೆ ದೂರು ಕಂಪನಿಯ ಮುಂದೆ ಹೋಗುತ್ತದೆ. ಅದಾದ ಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು; ಕಾರು ಬೆಂಗಳೂರಿನಲ್ಲಿ ಬುಕ್ ಮಾಡಿದ್ದರೂ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ದೂರು ಹಾಕಲು ಇರುವ ಅವಧಿ ಎರಡು ವರ್ಷ. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ. ದೋಷ ಪರೀಕ್ಷೆ ಇಲ್ಲದೆ ತಿಳಿಯದಂಥದ್ದಾದರೆ 38ನೇ ಸೆಕ್ಷನ್ ಪ್ರಕಾರ ಆಯೋಗ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಹುದು. ಕಾರು ನಿಮ್ಮ ಕೈಯಲ್ಲಿ ಇರುವುದಿಲ್ಲವಾದ್ದರಿಂದ ಯಾರ್ಡಿನಲ್ಲಿ ತೆಗೆದ ವಿಡಿಯೊದಲ್ಲಿ ಚಾಸಿ ನಂಬರ್, ಮೀಟರಿನ ಅಂಕಿ, ದೋಷದ ಜಾಗ ಮೂರೂ ಕತ್ತರಿಸದ ಒಂದೇ ತುಣುಕಿನಲ್ಲಿ ಬಂದಿರಬೇಕು.

ಈ ಸೇವೆಯನ್ನು ಪೂರ್ತಿ ಹಳಿಯುವುದೂ ನ್ಯಾಯವಲ್ಲ. ರಿಜಿಸ್ಟ್ರೇಷನ್‌ಗೆ ಮುಂಚೆ, ಅಳತೆ ಸಮೇತ, ಬರವಣಿಗೆಯಲ್ಲಿ ಬೇಡ ಎಂದವರಿಗೆ ಹೆಚ್ಚಿನ ಡೀಲರ್‌ಗಳು ಬೇರೆ ಕಾರು ಕೊಡುತ್ತಾರೆ. ಅವರಿಗೆ ಜಗಳಕ್ಕಿಂತ ಅದೇ ಅಗ್ಗ. ಆದರೆ ಬದಲಿಯಾಗಿ ಬಂದ ಕಾರನ್ನು ನಂಬಿಕೆಯ ಮೇಲೆ ಒಪ್ಪಬೇಡಿ. ಅವಸರದಲ್ಲಿ ಬೇರೆ ಊರಿನ ಸ್ಟಾಕಿನಿಂದ ತರಿಸಿದ ಕಾರು ನೂರಾರು ಕಿಲೋಮೀಟರ್ ರಸ್ತೆಯಲ್ಲೇ ಓಡಿ ಬಂದಿರಬಹುದು. ಟ್ರೇಲರಿನಲ್ಲಿ ಬರಬೇಕು ಎಂದು ಮೊದಲೇ ಬರೆಸಿ, ಓಡೋಮೀಟರ್ ನೋಡಿ. ಮೊದಲ ಕಾರಿನ ಚಾಸಿ ನಂಬರ್ ಕೈಯಲ್ಲಿಟ್ಟುಕೊಂಡೇ ಹೋಗಿ. ಎರಡನೆಯದರ ನಂಬರನ್ನು ಬಾಡಿಯ ಮೇಲೆ ಕೊರೆದದ್ದರಿಂದಲೇ ಓದಿ, ಹಾಗೂ ಹಿಂದಿನ ದೋಷವಿದ್ದ ಜಾಗಕ್ಕೆ ಮೀಟರನ್ನು ಮೊದಲು ಇಡಿ.